ಜನಕೋಶಕ್ಕೆ ಬರೆಯುವ ಹೊಸಬರು: ಜಮಖಂಡಿ–ಮುಧೋಳ ಸೀಮೆಯ ಕೆಲವು ನಿದರ್ಶನಗಳು

೧

ತಿಳಿವಳಿಕೆಯ ನಾನಾ ವಿಷಯಗಳನ್ನು ಒಂದೆಡೆ ಕೂಡಿಸಿಡಬೇಕೆಂಬ ಹಂಬಲವು ಕನ್ನಡದಲ್ಲಿ ಇಂದು ನಿನ್ನೆಯದಲ್ಲ. ಹನ್ನೊಂದನೆಯ ಶತಮಾನದ ಚಾವುಂಡರಾಯನ ‘ಲೋಕೋಪಕಾರ’ವು ಆ ಹಂಬಲದ ಹಳೆಯ ಕುರುಹು. ನಮ್ಮ ಕಾಲಕ್ಕೆ ಸಮೀಪದಲ್ಲಿ ಶಿವರಾಮ ಕಾರಂತರು ೧೯೩೬ರಲ್ಲಿ ‘ಬಾಲ ಪ್ರಪಂಚ’ವನ್ನು ಹೊರತಂದರು; ನಿರಂಜನರ ಸಂಪಾದಕತ್ವದಲ್ಲಿ ‘ಜ್ಞಾನಗಂಗೋತ್ರಿ’ಯ ಏಳು ಸಂಪುಟಗಳು ಬಂದವು; ಮೈಸೂರು ವಿಶ್ವವಿದ್ಯಾಲಯದ ‘ಕನ್ನಡ ವಿಶ್ವಕೋಶ’ದ ಮೊದಲ ಸಂಪುಟ ೧೯೬೯ರಲ್ಲಿ ಬೆಳಕು ಕಂಡು, ಮುಂದೆ ಅದು ಹದಿನಾಲ್ಕು ಸಂಪುಟಗಳಾಗಿ ಬೆಳೆಯಿತು. ಈ ಪರಂಪರೆಗೆ ನಮ್ಮ ಸೀಮೆಯೂ ತೀರ ಹೊರಗಿನದಲ್ಲ. ೧೯೩೭ರಲ್ಲಿ ಜಮಖಂಡಿಯಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠದಲ್ಲಿದ್ದವರು ಬೆಳ್ಳಾವೆ ವೆಂಕಟನಾರಣಪ್ಪನವರು. ಕನ್ನಡದಲ್ಲಿ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ನಡೆಸಿ, ಶಾಸ್ತ್ರವಿಷಯಗಳನ್ನು ತಾಯ್ನುಡಿಯಲ್ಲಿ ಹೇಳಲು ಸಾಧ್ಯವೆಂದು ತೋರಿಸಿಕೊಟ್ಟ ಹಿರಿಯರು ಅವರು.

ಈ ಕೋಶಗಳಲ್ಲೆಲ್ಲ ಬರೆಯುವವರು ಬೇರೆ, ಓದುವವರು ಬೇರೆ. ವಿಷಯತಜ್ಞರನ್ನು ಆರಿಸಿ ಬರೆಯಿಸುವುದು, ಸಂಪಾದಕಮಂಡಲಿ ತಿದ್ದುವುದು, ಆಮೇಲೆ ಅಚ್ಚಿಗೆ ಕಳಿಸುವುದು ಇವುಗಳ ಕ್ರಮ. ೨೦೦೧ರಲ್ಲಿ ಇಂಗ್ಲಿಷಿನಲ್ಲಿಯೂ ೨೦೦೩ರಲ್ಲಿ ಕನ್ನಡದಲ್ಲಿಯೂ ಮೊದಲಾದ ವಿಕಿಪೀಡಿಯವು ಈ ಕ್ರಮವನ್ನು ತಲೆಕೆಳಗು ಮಾಡಿತು. ಇಲ್ಲಿ ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು. ಬರೆದುದು ಮೊದಲು ಪ್ರಕಟವಾಗುತ್ತದೆ, ಪರೀಕ್ಷೆಗೆ ಆಮೇಲೆ ಒಳಗಾಗುತ್ತದೆ. ಜನರೇ ಕೂಡಿ ಕಟ್ಟುವ ಇಂತಹ ಕೋಶವನ್ನು ಈ ಲೇಖನದಲ್ಲಿ ನಾವು ‘ಜನಕೋಶ’ವೆಂದು ಕರೆಯುವೆವು.

ಇಂದು ನಮ್ಮ ಕಾಲೇಜುಗಳ ವಿದ್ಯಾರ್ಥಿಯು ಒಂದು ಊರಿನ, ಒಬ್ಬ ವ್ಯಕ್ತಿಯ, ಒಂದು ಘಟನೆಯ ವಿಷಯವನ್ನು ತಿಳಿಯಲು ಮೊದಲು ನೋಡುವುದು ಇದನ್ನೇ. ಆದುದರಿಂದ ಇದರಲ್ಲಿ ಏನಿದೆ, ಏನಿಲ್ಲ, ಇರುವುದು ಎಷ್ಟರ ಮಟ್ಟಿಗೆ ನಂಬತಕ್ಕದ್ದು ಎಂಬುದು ಇತಿಹಾಸದ ಅಧ್ಯಾಪಕರು ಅಲಕ್ಷಿಸಬಹುದಾದ ವಿಷಯವಲ್ಲ. ನಮ್ಮ ವಿದ್ಯಾರ್ಥಿಗಳು ಇದಕ್ಕೆ ಬರೆಯಲು ಮುಂದಾಗುತ್ತಿರುವುದು ಸಂತೋಷದ ಮಾತು. ಅವರು ಬರೆದುದರಲ್ಲಿ ಬಹುಪಾಲು ನಿಲ್ಲುವುದಿಲ್ಲವೆಂಬುದು ಅಷ್ಟೇ ನಿಜವಾದ ಮಾತು. ಇದಕ್ಕೆ ಕಾರಣವೇನು, ಅವರಿಗೆ ನೀಡಲಾಗುತ್ತಿರುವ ನೆರವಿನ ಕ್ರಮದಲ್ಲಿ ದೋಷವೆಲ್ಲಿದೆ ಎಂಬುದನ್ನು ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ಭಾಗದ ನಿದರ್ಶನಗಳ ಮೂಲಕ ವಿಮರ್ಶಿಸುವುದು ಇಲ್ಲಿಯ ಉದ್ದೇಶ.

೨

ಹೊಸಬರಿಗೆ ನೆರವಾಗಲು ಈಗ ರೂಢಿಯಲ್ಲಿರುವ ಮುಖ್ಯ ಉಪಾಯವೆಂದರೆ ಒಂದು ದಿನದ ಕಾರ್ಯಾಗಾರ. ಮುಂಜಾನೆ ಸದಸ್ಯತ್ವದ ಖಾತೆ ತೆರೆಯುವುದು, ಮಧ್ಯಾಹ್ನ ಪ್ರಯೋಗಪುಟದಲ್ಲಿ ಬರೆಯುವುದು, ಸಂಜೆಗೆ ಲೇಖನ ಪ್ರಕಟಿಸಿ ಪ್ರಮಾಣಪತ್ರ ಪಡೆಯುವುದು ಇದರ ಕ್ರಮ. ದಪ್ಪಕ್ಷರ ಮಾಡುವುದು ಹೇಗೆ, ಕೊಂಡಿ ಹಾಕುವುದು ಹೇಗೆ, ಚಿತ್ರ ಸೇರಿಸುವುದು ಹೇಗೆ ಎಂಬುದನ್ನು ಇಲ್ಲಿ ಚೆನ್ನಾಗಿಯೇ ಕಲಿಸುತ್ತಾರೆ. ಏನನ್ನು ಆಧರಿಸಿ ಬರೆಯಬೇಕು ಎಂಬ ಪ್ರಶ್ನೆ ಮಾತ್ರ ಕೊನೆಯ ಅರ್ಧ ಗಂಟೆಗೆ ಉಳಿಯುತ್ತದೆ, ಇಲ್ಲವೆ ಉಳಿಯುವುದೇ ಇಲ್ಲ. ವಿದ್ಯಾರ್ಥಿ ತನಗೆ ತಿಳಿದುದನ್ನು ಬರೆದು ಮುಗಿಸಿ, ಆಮೇಲೆ ‘ಉಲ್ಲೇಖ’ವೆಂಬ ತಲೆಬರಹದ ಕೆಳಗೆ ಏನಾದರೊಂದನ್ನು ಹುಡುಕಿ ಅಂಟಿಸುತ್ತಾನೆ. ಮನೆ ಕಟ್ಟಿ ಮುಗಿಸಿ ಅಡಿಪಾಯ ಅಗೆಯಲು ಹೊರಟಂತೆ ಇದು.

ಎರಡನೆಯದು ಸಂಖ್ಯೆಯ ಮೋಹ. ಎಷ್ಟು ವಿದ್ಯಾರ್ಥಿಗಳು, ಎಷ್ಟು ಲೇಖನಗಳು ಎಂಬ ಎಣಿಕೆಯೇ ವರದಿಯ ಸಾರವಾಗಿಬಿಟ್ಟರೆ, ಎಣಿಕೆಗೆ ತಕ್ಕ ಬರವಣಿಗೆಯೇ ಹುಟ್ಟುತ್ತದೆ. ಊರಿನ ಹೆಸರೊಂದನ್ನು ಬಿಟ್ಟು ಮಿಕ್ಕೆಲ್ಲವೂ ಒಂದೇ ಎರಕದಲ್ಲಿ ಹೊಯ್ದಂತಿರುವ ಗ್ರಾಮಲೇಖನಗಳು ಕನ್ನಡ ವಿಕಿಪೀಡಿಯದಲ್ಲಿ ಸೇರಿಕೊಂಡಿರುವುದು ಇದರ ಫಲವೇ. ಬೇಸಿಗೆ ಬಿಸಿಲು, ಮಳೆಗಾಲದ ಮಳೆ, ಬೆಳೆಯುವ ಜೋಳ, ಆಚರಿಸುವ ಹಬ್ಬಗಳು ಇವೇ ಎಲ್ಲ ಊರುಗಳಿಗೂ ಸಲ್ಲುತ್ತವೆ. ಆ ಒಂದು ಊರಿಗೇ ಸಲ್ಲುವ ಮಾತು ಒಂದೂ ಇರುವುದಿಲ್ಲ.

ಅವಸರದ ಪರಿಣಾಮವೇನೆಂಬುದಕ್ಕೆ ಹೊರಗಿನ ಎರಡು ದೃಷ್ಟಾಂತಗಳು ಸಾಕು. ೨೦೧೧ರಲ್ಲಿ ಪುಣೆಯ ಕೆಲವು ಕಾಲೇಜುಗಳಲ್ಲಿ ಇಂಗ್ಲಿಷ್ ವಿಕಿಪೀಡಿಯಕ್ಕೆ ಬರೆಯಿಸುವ ದೊಡ್ಡ ಪ್ರಯೋಗವೊಂದು ನಡೆಯಿತು. ಬಹುಸಂಖ್ಯೆಯ ವಿದ್ಯಾರ್ಥಿಗಳು ಪಠ್ಯಪುಸ್ತಕಗಳಿಂದಲೂ ಜಾಲತಾಣಗಳಿಂದಲೂ ಪುಟಗಟ್ಟಲೆ ನಕಲು ಮಾಡಿ ಹಾಕಿದರು. ಗ್ರಂಥಸ್ವಾಮ್ಯ ಉಲ್ಲಂಘನೆಯನ್ನು ಹುಡುಕಿ ತೆಗೆಯುವುದೇ ಸ್ವಯಂಸೇವಕರಿಗೆ ದೊಡ್ಡ ಹೊರೆಯಾಗಿ, ಅದೇ ವರ್ಷ ಆ ಪ್ರಯೋಗ ನಿಂತುಹೋಯಿತು. ಅದಕ್ಕೆ ಸ್ವಲ್ಪ ಮುಂಚೆ ಗೂಗಲ್ ಸಂಸ್ಥೆಯು ಇಂಗ್ಲಿಷ್ ಲೇಖನಗಳನ್ನು ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಿಗೆ, ಯಂತ್ರದ ನೆರವಿನಿಂದ, ಕೂಲಿ ಅನುವಾದಕರ ಮೂಲಕ ತರಿಸಿತ್ತು. ಲೇಖನಗಳು ಉದ್ದವಾಗಿದ್ದವು, ಸಂಖ್ಯೆಯೂ ದೊಡ್ಡದಿತ್ತು. ಆದರೆ ವಾಕ್ಯಗಳು ಕನ್ನಡದವಾಗಿರಲಿಲ್ಲ. ಬರೆದವರು ಆ ಬಳಿಕ ತಿರುಗಿ ನೋಡದ ಕಾರಣ ತಿದ್ದುವ ಭಾರ ಬೇರೆಯವರ ಪಾಲಿಗೆ ಬಂತು. ಎರಡೂ ಕಡೆ ಕೊರತೆಯಾದುದು ಉತ್ಸಾಹವಲ್ಲ, ತಂತ್ರಜ್ಞಾನವೂ ಅಲ್ಲ; ಲೇಖಕನಿಗೂ ಆಕರಕ್ಕೂ ಇರಬೇಕಾದ ಸಂಬಂಧ.

೩

ಹೊಸಬನಿಗೆ ಎಲ್ಲಕ್ಕಿಂತ ಕಷ್ಟವಾಗುವುದು ತನಗೆ ಗೊತ್ತಿರುವುದಕ್ಕೂ ತೋರಿಸಿಕೊಡಬಹುದಾದುದಕ್ಕೂ ಇರುವ ಅಂತರವನ್ನು ಒಪ್ಪಿಕೊಳ್ಳುವುದು. ಜನಕೋಶದ ನಿಯಮ ನೇರವಾಗಿದೆ: ಓದುಗನು ಪರಿಶೀಲಿಸಿ ನೋಡಬಹುದಾದ, ಪ್ರಕಟವಾದ, ನಂಬತಕ್ಕ ಆಕರವಿದ್ದ ಮಾತಿಗೆ ಮಾತ್ರ ಅಲ್ಲಿ ನೆಲೆ. ಬರೆದವನು ಪಂಡಿತನೋ ಪಾಮರನೋ ಎಂದು ಅದು ಕೇಳುವುದಿಲ್ಲ. ಎಲ್ಲಿಂದ ತಂದೆ ಎಂದು ಮಾತ್ರ ಕೇಳುತ್ತದೆ.

ನಿದರ್ಶನಾರ್ಥವಾಗಿ ಮುಧೋಳ ತಾಲೂಕಿನ ಹಲಗಲಿಯನ್ನು ತೆಗೆದುಕೊಳ್ಳೋಣ. ೧೮೫೭ರ ನವೆಂಬರಿನಲ್ಲಿ, ಆಯುಧಗಳನ್ನು ಒಪ್ಪಿಸಬೇಕೆಂಬ ಆಜ್ಞೆಯನ್ನು ಧಿಕ್ಕರಿಸಿ ಅಲ್ಲಿಯ ಬೇಡರು ದಂಗೆಯೆದ್ದರು. ದಂಡು ಬಂದು ಊರನ್ನು ಸುಟ್ಟಿತು. ಸೆರೆಸಿಕ್ಕವರಲ್ಲಿ ಹಲವರು ಗಲ್ಲಿಗೇರಿದರು. ಈ ಸೀಮೆಯ ಮಕ್ಕಳು ಈ ಕಥೆಯನ್ನು ಲಾವಣಿಯ ಮೂಲಕ ಕೇಳಿಯೇ ಬೆಳೆಯುತ್ತಾರೆ. ಲಾವಣಿಯ ಪ್ರತಿಯೊಂದು ಮಾತೂ ಅವರಿಗೆ ಕಣ್ಣಾರೆ ಕಂಡಂತೆ. ಹಾಗಾಗಿ ಹಲಗಲಿಯ ಮೇಲೆ ಲೇಖನ ಬರೆಯುವಾಗ ವೀರರ ಸಂವಾದಗಳು, ಅವರ ಮನಸ್ಸಿನ ಆವೇಶ, ಸತ್ತವರ ಲೆಕ್ಕ ಎಲ್ಲವೂ ನಡೆದ ಸಂಗತಿಗಳೆಂದೇ ಬರವಣಿಗೆಯಲ್ಲಿ ಇಳಿಯುತ್ತವೆ. ತಿದ್ದುವವರು ‘ಉಲ್ಲೇಖ ಬೇಕು’ ಎಂದು ಗುರುತು ಹಾಕಿದರೆ, ತಮ್ಮ ಊರಿನ ತ್ಯಾಗವನ್ನೇ ಅವರು ಸಂಶಯಿಸಿದರೆಂದು ವಿದ್ಯಾರ್ಥಿಗೆ ತೋರುತ್ತದೆ.

ಇಲ್ಲಿ ಮಾರ್ಗದರ್ಶಕನು ನಿಯಮದ ಪುಟವನ್ನು ತೋರಿಸಿ ಸುಮ್ಮನಾದರೆ ಉಪಯೋಗವಿಲ್ಲ. ಹಲಗಲಿಯ ಲಾವಣಿಯನ್ನು ಜೆ. ಎಫ್. ಫ್ಲೀಟರು ಸಂಗ್ರಹಿಸಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚು ಹಾಕಿಸಿದರು. ಆದ್ದರಿಂದ ಲಾವಣಿಯೂ ಒಂದು ಪ್ರಕಟಿತ ಆಕರವೇ. ಆದರೆ ಅದು ಯಾವುದಕ್ಕೆ ಆಕರ? ದಂಗೆಯನ್ನು ಜನರು ಹೇಗೆ ನೆನೆದರು ಎಂಬುದಕ್ಕೆ ಅದು ಉತ್ತಮ ಆಕರ. ದಂಡಿನಲ್ಲಿ ಎಷ್ಟು ಜನರಿದ್ದರು ಎಂಬುದಕ್ಕೆ ಅಲ್ಲ. ಆ ಕಾಲದ ಸರಕಾರಿ ಕಾಗದಪತ್ರಗಳು ಆಳುವವರ ಕಣ್ಣಿನಿಂದ ಕಂಡುದನ್ನು ಹೇಳುತ್ತವೆ. ತಾರೀಖುಗಳಿಗೆ ಅವು ಒದಗಿದರೂ ಬೇಡರ ಉದ್ದೇಶವನ್ನು ತಿಳಿಯಲು ಅವನ್ನೇ ನೆಚ್ಚಲಾಗದು. ಇವೆರಡನ್ನೂ ತೂಗಿ ನೋಡಿದ ಇತಿಹಾಸಕಾರರ ಗ್ರಂಥಗಳು ಮೂರನೆಯವು; ಜನಕೋಶವು ಮುಖ್ಯವಾಗಿ ಆಧರಿಸಬೇಕಾದುದು ಈ ಮೂರನೆಯ ವರ್ಗವನ್ನು. ‘ಲಾವಣಿಯಲ್ಲಿ ಹೀಗೆ ಹೇಳಿದೆ’, ‘ಸರಕಾರದ ವರದಿ ಹೀಗೆನ್ನುತ್ತದೆ’, ‘ಇತಿಹಾಸಕಾರರ ಅಭಿಪ್ರಾಯ ಹೀಗಿದೆ’ ಎಂದು ಮೂರು ಬಗೆಯ ವಾಕ್ಯಗಳನ್ನು ಬೇರ್ಪಡಿಸಿ ಬರೆಯಲು ಕಲಿತ ವಿದ್ಯಾರ್ಥಿಯ ಲೇಖನವನ್ನು ಯಾರೂ ಸುಲಭವಾಗಿ ಅಳಿಸಲಾರರು. ಅಷ್ಟೇ ಅಲ್ಲ, ಇತಿಹಾಸಶಾಸ್ತ್ರದ ಮೊದಲ ಪಾಠವನ್ನು ಅವನು ಕಲಿತಂತಾಯಿತು.

ಮುಧೋಳದವನೆಂದು ನಾವು ಹೆಮ್ಮೆಪಡುವ ರನ್ನನ ವಿಷಯವೂ ಹೀಗೆಯೇ. ತನ್ನ ಹುಟ್ಟು, ತಾಯಿತಂದೆಗಳ ವಿಚಾರವನ್ನು ಅವನೇ ‘ಅಜಿತಪುರಾಣ’ದಲ್ಲಿ ಹೇಳಿಕೊಂಡಿರುವುದರಿಂದ ಅಷ್ಟು ಭಾಗಕ್ಕೆ ನೆಲೆ ಗಟ್ಟಿಯಾಗಿದೆ. ಆದರೆ ‘ಗದಾಯುದ್ಧ’ದ ರಚನೆಯ ಕಾಲದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವುಂಟು. ಹೊಸಬನು ತನ್ನ ಪಠ್ಯಪುಸ್ತಕದಲ್ಲಿ ಕಂಡ ಒಂದು ಇಸವಿಯನ್ನು ನಿರ್ಣಯವೆಂಬಂತೆ ಬರೆದುಬಿಡುತ್ತಾನೆ. ಇಬ್ಬರು ವಿದ್ವಾಂಸರ ಎರಡು ಮತಗಳನ್ನೂ ಹೆಸರಿಸಿ ಬರೆಯುವುದು ಅಜ್ಞಾನದ ಗುರುತಲ್ಲ, ಪ್ರಾಮಾಣಿಕತೆಯ ಗುರುತು ಎಂಬುದನ್ನು ಅವನಿಗೆ ಹೇಳಿಕೊಡಬೇಕು.

೪

ಎರಡನೆಯ ತೊಡಕು ಆಕರ ಇದ್ದೂ ಕೈಗೆ ಸಿಕ್ಕದಿರುವುದು. ಈ ನಾಲ್ಕು ಊರುಗಳು ಇಂದು ಬಾಗಲಕೋಟೆ ಜಿಲ್ಲೆಗೆ ಸೇರಿವೆ. ಆ ಜಿಲ್ಲೆ ವಿಜಾಪುರದಿಂದ ಬೇರ್ಪಟ್ಟುದು ೧೯೯೭ರಲ್ಲಿ. ಅದಕ್ಕೂ ಹಿಂದೆ ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರ ಸಂಸ್ಥಾನ, ತೇರದಾಳ-ರಬಕವಿಗಳು ಸಾಂಗಲಿಗೆ ಸೇರಿದ ಊರುಗಳು, ಬನಹಟ್ಟಿ ಜಮಖಂಡಿಯದು, ಬೀಳಗಿ ಬ್ರಿಟಿಷರ ನೇರ ಆಳ್ವಿಕೆಯ ವಿಜಾಪುರ ಜಿಲ್ಲೆಯದು. ಇಂದು ಒಂದೇ ನಗರಸಭೆಯಾಗಿರುವ ರಬಕವಿ-ಬನಹಟ್ಟಿ ಅಂದು ಎರಡು ಸಂಸ್ಥಾನಗಳ ನೆಲ. ೧೯೪೮ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ೧೯೫೬ರಲ್ಲಿ ಎಲ್ಲವೂ ಮೈಸೂರು ರಾಜ್ಯಕ್ಕೆ ಬಂದವು.

ಈ ಹಿನ್ನೆಲೆ ತಿಳಿಯದ ವಿದ್ಯಾರ್ಥಿ ಜಮಖಂಡಿಯ ವಿವರಕ್ಕಾಗಿ ೧೮೮೪ರ ವಿಜಾಪುರ ಗೆಜೆಟಿಯರನ್ನು ತಿರುವಿ ಹಾಕುತ್ತಾನೆ. ತಕ್ಕ ವಿವರ ಕಾಣದೆ ‘ಆಕರವೇ ಇಲ್ಲ’ ಎಂದು ಕೈಚೆಲ್ಲುತ್ತಾನೆ. ದಕ್ಷಿಣ ಮರಾಠಾ ಸಂಸ್ಥಾನಗಳ ವಿವರಗಳು ೧೮೮೬ರ ಕೊಲ್ಹಾಪುರ ಸಂಪುಟದಲ್ಲಿವೆ ಎಂಬ ಒಂದು ಮಾತನ್ನು ಹೇಳಿದರೆ ಅವನ ದಾರಿ ತೆರೆಯುತ್ತದೆ. ಸಂಸ್ಥಾನಗಳ ದಫ್ತರಗಳು ಬಹುಮಟ್ಟಿಗೆ ಮರಾಠಿಯಲ್ಲಿ, ಹಳೆಯವು ಮೋಡಿ ಲಿಪಿಯಲ್ಲಿ ಇವೆಯೆಂಬುದನ್ನೂ ತಿಳಿಸಬೇಕು. ತೇರದಾಳದ ಹನ್ನೆರಡನೆಯ ಶತಮಾನದ ಜೈನ ಶಾಸನವನ್ನು ಕೆ. ಬಿ. ಪಾಠಕರು ೧೮೮೫ರ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದ್ದಾರೆ. ಆ ಪಾಠವನ್ನು ಉಲ್ಲೇಖಿಸಬಹುದು. ವಿದ್ಯಾರ್ಥಿ ತಾನೇ ಕಲ್ಲಿನ ಮುಂದೆ ನಿಂತು ಓದಿದ ಹೊಸ ಪಾಠವನ್ನು ಉಲ್ಲೇಖಿಸಲಾಗದು. ಅವನ ಓದು ತಪ್ಪೆಂದಲ್ಲ; ಹೊಸ ಶೋಧಗಳಿಗೆ ಜನಕೋಶ ಮೊದಲ ವೇದಿಕೆಯಲ್ಲ, ಅಷ್ಟೆ.

ಹೆಸರಿನ ಗೊಂದಲವೂ ಸಣ್ಣದಲ್ಲ. ಬೀಳಗಿಯೆಂಬ ಊರು ನಮ್ಮಲ್ಲಿದೆ. ಉತ್ತರ ಕನ್ನಡದ ಸಿದ್ದಾಪುರ ತಾಲೂಕಿನಲ್ಲಿ ಬಿಳಗಿಯೂ ಇದೆ. ಅದು ಬಿಳಗಿ ಅರಸರ ರಾಜಧಾನಿ, ರತ್ನತ್ರಯ ಬಸದಿಯ ಊರು. ಒಂದರ ಅರಸರನ್ನು ಇನ್ನೊಂದರ ಕೋಟೆಗೆ ಏರಿಸಿಬಿಡುವುದು ಹೊಸಬರಿಗೆ ಬಹು ಸುಲಭ. ಅಂತರಜಾಲದ ಹುಡುಕಾಟ ಎರಡನ್ನೂ ಬೆರೆಸಿಯೇ ಮುಂದಿಡುತ್ತದೆ. ಇನ್ನು ಆಲಮಟ್ಟಿ ಜಲಾಶಯದ ಹಿನ್ನೀರಿನಿಂದ ಬೀಳಗಿ ತಾಲೂಕಿನ ಅನೇಕ ಹಳ್ಳಿಗಳು ಮುಳುಗಿ, ಅವುಗಳ ಜನ ಪುನರ್ವಸತಿ ಕೇಂದ್ರಗಳಿಗೆ ಹೋದರು. ಹಳೆಯ ಊರೂ ಹೊಸ ಊರೂ ಒಂದೇ ಹೆಸರಿನವು. ಹಳೆಯ ಗೆಜೆಟಿಯರಿನಲ್ಲಿ ಹೇಳಿದ ಗುಡಿ ನೀರಿನಡಿ ಇರಬಹುದು. ಇಂದಿನ ಜನಗಣತಿಯ ಸಂಖ್ಯೆ ಹೊಸ ನೆಲೆಯದು. ಎರಡನ್ನೂ ಒಂದೇ ಪರಿಚ್ಛೇದದಲ್ಲಿ, ಒಂದೇ ಕಾಲದಲ್ಲಿ ಬರೆದರೆ ಇಲ್ಲದ ಊರೊಂದನ್ನು ಸೃಷ್ಟಿಸಿದಂತಾಗುತ್ತದೆ. ‘ಇದು ಯಾವ ಇಸವಿಯ ಮಾತು?’ ಎಂದು ಪ್ರತಿ ವಾಕ್ಯಕ್ಕೂ ಕೇಳಿಕೊಳ್ಳುವ ಅಭ್ಯಾಸವೊಂದನ್ನು ಕಲಿಸಿದರೆ ಈ ದೋಷದ ಮುಕ್ಕಾಲು ಪಾಲು ತಪ್ಪುತ್ತದೆ.

೫

ಮೂರನೆಯದು ಅಭಿಮಾನದ ಭಾಷೆ. ಕೃಷ್ಣೆಗೆ ಅಡ್ಡಲಾಗಿ ಚಿಕ್ಕಪಡಸಲಗಿಯಲ್ಲಿ ರೈತರು ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ತಾವೇ ಹಣ ಕೂಡಿಸಿ, ಶ್ರಮದಾನ ಮಾಡಿ, ೧೯೮೯ರಲ್ಲಿ ಬ್ಯಾರೇಜು ಕಟ್ಟಿದರು. ಅದಕ್ಕೆ ‘ಶ್ರಮಬಿಂದು ಸಾಗರ’ವೆಂದು ಹೆಸರಾಯಿತು. ೧೯೯೧ರ ಲೋಕಸಭಾ ಚುನಾವಣೆಯಲ್ಲಿ ನ್ಯಾಮಗೌಡರು ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿದ್ದೂ ಬಲ್ಲ ಸಂಗತಿಯೇ. ಇಷ್ಟು ಹೇಳಿದರೆ ಸಾಕು. ಓದಿದವನಿಗೆ ಕೆಲಸದ ಹಿರಿಮೆ ತಾನಾಗಿ ತಿಳಿಯುತ್ತದೆ. ‘ಭಗೀರಥ ಪ್ರಯತ್ನ’, ‘ಆಧುನಿಕ ಋಷಿ’, ‘ರೈತರ ಕಣ್ಮಣಿ’ ಎಂಬ ವಿಶೇಷಣಗಳು ಸೇರಿದೊಡನೆ ಲೇಖನವು ಅಭಿನಂದನಗ್ರಂಥದ ಪುಟವಾಗುತ್ತದೆ. ಪ್ರಚಾರವೆಂಬ ಆರೋಪಕ್ಕೆ ಗುರಿಯಾಗಿ ಅದರೊಡನೆ ನಿಜಸಂಗತಿಯೂ ಅಳಿದುಹೋಗುತ್ತದೆ. ಸಾವಳಗಿಯ ಬಿ. ಡಿ. ಜತ್ತಿಯವರು ೧೯೫೮ರಿಂದ ೧೯೬೨ರವರೆಗೆ ಮೈಸೂರಿನ ಮುಖ್ಯಮಂತ್ರಿಗಳಾಗಿ, ೧೯೭೪ರಿಂದ ೧೯೭೯ರವರೆಗೆ ಉಪರಾಷ್ಟ್ರಪತಿಗಳಾಗಿ, ೧೯೭೭ರಲ್ಲಿ ಹಂಗಾಮಿ ರಾಷ್ಟ್ರಪತಿಗಳಾಗಿ ಇದ್ದವರು. ಅವರ ಆತ್ಮಕಥೆ ಬಾಲ್ಯದ ವಿವರಗಳಿಗೆ ಒದಗುತ್ತದೆ. ಆದರೆ ಅವರ ಆಡಳಿತದ ಗುಣದೋಷಗಳಿಗೆ ಅವರದೇ ಮಾತು ಸಾಕ್ಷಿಯಾಗಲಾರದು.

ಮನೆತನದ ಅಭಿಮಾನವು ಇನ್ನೂ ಸೂಕ್ಷ್ಮವಾದ ವಿಷಯ. ಮುಧೋಳದ ಘೋರ್ಪಡೆಯವರು ತಮ್ಮ ವಂಶವನ್ನು ರಜಪೂತ ಮೂಲಕ್ಕೆ ಸೇರಿಸುವ ಬಹಮನಿ ಕಾಲದ ಫರ್ಮಾನುಗಳನ್ನು ಹೊಂದಿದ್ದರು. ೧೯೩೦ರ ದಶಕದಲ್ಲಿ ದ. ವಿ. ಆಪಟೆಯವರು ಮರಾಠಿಯಲ್ಲಿ ಬರೆದ ಮನೆತನದ ಇತಿಹಾಸವು ಅವುಗಳನ್ನು ಆಧರಿಸಿತು. ಆ ಫರ್ಮಾನುಗಳ ವಿಶ್ವಾಸಾರ್ಹತೆಯ ಬಗ್ಗೆ ಇತಿಹಾಸಕಾರರಲ್ಲಿ ವಾದವಿದೆ. ಸಂಸ್ಥಾನದ ಆಶ್ರಯದ ಇತಿಹಾಸವನ್ನು ಮಾತ್ರ ಓದಿದವನು ಅದನ್ನೇ ಸಿದ್ಧಾಂತವೆಂದು ಬರೆದರೆ, ವಿರುದ್ಧಮತದವನು ಬಂದು ಅಳಿಸುತ್ತಾನೆ. ಇವನು ಮತ್ತೆ ಬರೆಯುತ್ತಾನೆ. ಜನಕೋಶದ ಚರ್ಚಾಪುಟಗಳಲ್ಲಿ ನಡೆಯುವ ಜಗಳಗಳಲ್ಲಿ ಬಹುಪಾಲು ಈ ಬಗೆಯವು. ಮುಧೋಳದ ಬೇಟೆನಾಯಿಯ ವಿಷಯದಲ್ಲೂ ಹೀಗೆಯೇ ಆಗುತ್ತದೆ. ೨೦೦೫ರಲ್ಲಿ ಅದರ ಚಿತ್ರದ ಅಂಚೆಚೀಟಿ ಬಂದುದು ದಾಖಲೆಯ ಮಾತು. ಅದು ಯಾವ ಅರಸನ ಪ್ರಾಣ ಉಳಿಸಿತೆಂಬುದು ಐತಿಹ್ಯದ ಮಾತು. ಎರಡಕ್ಕೂ ಲೇಖನದಲ್ಲಿ ಸ್ಥಳವುಂಟು, ಒಂದೇ ಸ್ಥಳವಲ್ಲ.

ನಕಲಿನ ವಿಷಯದಲ್ಲಿ ಈಗ ಹೊಸ ಅಪಾಯವೊಂದು ಕೂಡಿಕೊಂಡಿದೆ. ಕೇಳಿದೊಡನೆ ಲೇಖನವನ್ನೇ ಬರೆದುಕೊಡುವ ಯಂತ್ರಗಳು ವಿದ್ಯಾರ್ಥಿಗಳ ಕೈಗೆ ಬಂದಿವೆ. ಭಾಷೆ ನಯವಾಗಿರುತ್ತದೆ, ಅಡಿಯಲ್ಲಿ ಉಲ್ಲೇಖಗಳೂ ಇರುತ್ತವೆ, ಆದರೆ ಆ ಉಲ್ಲೇಖದ ಗ್ರಂಥ ಲೋಕದಲ್ಲಿಯೇ ಇಲ್ಲದಿರುವುದುಂಟು. ಅಚ್ಚಿನಲ್ಲಿ ಆಕರ ಹೇರಳವಾಗಿರುವ ವಿಷಯಗಳಲ್ಲಿ ಇಂತಹ ತಪ್ಪು ಬೇಗ ಬಯಲಾಗುತ್ತದೆ. ಬೀಳಗಿ, ಬನಹಟ್ಟಿಗಳಂತಹ ಊರುಗಳ ವಿಷಯದಲ್ಲಿ ಅಲ್ಲಗಳೆಯಲು ಬೇಕಾದ ಪುಸ್ತಕವೇ ಹತ್ತಿರವಿರುವುದಿಲ್ಲವಾದ್ದರಿಂದ ಅದು ವರ್ಷಗಟ್ಟಲೆ ನಿಂತುಬಿಡಬಹುದು. ಆಮೇಲೆ ಅದನ್ನು ನೋಡಿ ಪತ್ರಿಕೆಯವರು ಬರೆಯುತ್ತಾರೆ; ಪತ್ರಿಕೆಯನ್ನು ತೋರಿಸಿ ಜನಕೋಶದವರು ಅದನ್ನು ಸಮರ್ಥಿಸುತ್ತಾರೆ. ಹೀಗೆ ಸುಳ್ಳೊಂದು ತನಗೆ ತಾನೇ ಸಾಕ್ಷಿಯಾಗುತ್ತದೆ. ‘ಕೈಯಲ್ಲಿ ಹಿಡಿದು ಪುಟ ತೆರೆಯದ ಗ್ರಂಥವನ್ನು ಉಲ್ಲೇಖಿಸಬಾರದು’ ಎಂಬ ಕಟ್ಟಳೆ ಇಂದು ಹಿಂದೆಂದಿಗಿಂತ ಅವಶ್ಯವಾಗಿದೆ.

೬

ಇಲ್ಲಿಯವರೆಗೆ ಹೊಸಬರ ದೋಷಗಳನ್ನು ಹೇಳಿದೆವು. ತಪ್ಪೆಲ್ಲ ಅವರದೇ ಎಂದು ತೀರ್ಮಾನಿಸುವುದು ಸಾಧುವಲ್ಲ. ಹಾಫೇಕರ್ ಮತ್ತು ಸಂಗಡಿಗರು ೨೦೧೩ರಲ್ಲಿ ಪ್ರಕಟಿಸಿದ ಅಧ್ಯಯನವು, ಇಂಗ್ಲಿಷ್ ವಿಕಿಪೀಡಿಯದಲ್ಲಿ ೨೦೦೭ರ ನಂತರ ಸಕ್ರಿಯ ಸಂಪಾದಕರ ಸಂಖ್ಯೆ ಇಳಿಯುತ್ತ ಬಂದುದಕ್ಕೂ, ಸದುದ್ದೇಶದಿಂದ ಬಂದ ಹೊಸಬರ ಬರವಣಿಗೆಯನ್ನು ಯಾಂತ್ರಿಕವಾಗಿ ತಳ್ಳಿಹಾಕಿದುದಕ್ಕೂ ಸಂಬಂಧವಿದೆಯೆಂದು ತೋರಿಸಿತು. ಕಿಡಿಗೇಡಿಗಳನ್ನು ತಡೆಯಲು ಕಟ್ಟಿದ ಬೇಲಿ ಅಕ್ಕರೆಯಿಂದ ಬಂದವರನ್ನೂ ಹೊರಗಿಟ್ಟಿತು. ಕನ್ನಡದಲ್ಲಿ ಬರೆಯುವವರೇ ಬೆರಳೆಣಿಕೆಯವರಾದ್ದರಿಂದ ಈ ನಷ್ಟವನ್ನು ನಾವು ತಾಳಲಾರೆವು. ಕನ್ನಡ ವಿಕಿಪೀಡಿಯದಲ್ಲಿ ಸಾರ್ವಜನಿಕ ಚರ್ಚೆಯ ಸ್ಥಳಕ್ಕೆ ‘ಅರಳಿ ಕಟ್ಟೆ’ಯೆಂದು ಹೆಸರಿಟ್ಟಿದ್ದಾರೆ, ಬಹು ಯೋಗ್ಯವಾದ ಹೆಸರು. ಅರಳಿ ಕಟ್ಟೆಗೆ ಬಂದ ಹೊಸಬನಿಗೆ ಮೊದಲು ಕೂಡ್ರಲು ಹೇಳುತ್ತಾರೆ, ಆಮೇಲೆ ಬಂದ ಕೆಲಸ ಕೇಳುತ್ತಾರೆ. ಅಳಿಸುವುದಕ್ಕೆ ಮುಂಚೆ ಎರಡು ಸಾಲಿನ ಕಾರಣವನ್ನು ಕನ್ನಡದಲ್ಲಿ, ಆ ಲೇಖನಕ್ಕೇ ಸಲ್ಲುವಂತೆ ಬರೆಯುವುದು ಹಿರಿಯ ಸಂಪಾದಕರಿಗೆ ಭಾರವಾಗಬಾರದು.

ಇದಕ್ಕಿಂತ ಆಳವಾದ ಇನ್ನೊಂದು ಪ್ರಶ್ನೆಯಿದೆ. ರಬಕವಿ-ಬನಹಟ್ಟಿಯ ನೇಕಾರರ ಮನೆಯಿಂದ ಬಂದ ವಿದ್ಯಾರ್ಥಿನಿಗೆ ಹಾಸು-ಹೊಕ್ಕುಗಳ ವಿಷಯ, ಲಾಳಿಯ ಕೆಲಸ, ಕೈಮಗ್ಗ ಹೋಗಿ ವಿದ್ಯುತ್ ಮಗ್ಗ ಬಂದ ಬಗೆ, ಕೂಲಿಯ ಲೆಕ್ಕ ಎಲ್ಲವೂ ಗೊತ್ತು. ಅಚ್ಚಾದ ಪುಸ್ತಕದಲ್ಲಿ ಅದರ ಹತ್ತನೆಯ ಒಂದು ಪಾಲೂ ಇಲ್ಲ. ಹಲಗಲಿಯ ಲಾವಣಿಗೆ ಫ್ಲೀಟರು ಸಿಕ್ಕರು, ಅದು ಆಕರವಾಯಿತು. ಯಾರೂ ಬರೆದುಕೊಳ್ಳದ ಲಾವಣಿ ಆಕರವಾಗಲಿಲ್ಲ. ಅಂದರೆ ಯಾವುದು ‘ನಂಬತಕ್ಕದ್ದು’ ಎಂಬುದನ್ನು ಎಷ್ಟೋ ಸಲ ಸತ್ಯಕ್ಕಿಂತ ಹೆಚ್ಚಾಗಿ ಅಚ್ಚಿನ ಯೋಗವೇ ನಿರ್ಣಯಿಸಿದೆ. ಈ ಅನ್ಯಾಯ ಕಂಡುಬಂದುದರಿಂದಲೇ ೨೦೧೧ರಲ್ಲಿ ಅಚಲ್ ಪ್ರಭಾಲರು ಭಾರತದಲ್ಲಿಯೂ ದಕ್ಷಿಣ ಆಫ್ರಿಕದಲ್ಲಿಯೂ ಬಾಯಿಮಾತಿನ ಹೇಳಿಕೆಗಳನ್ನು ಧ್ವನಿಮುದ್ರಿಸಿ ಉಲ್ಲೇಖಿಸುವ ಪ್ರಯೋಗವನ್ನು ಕೈಕೊಂಡರು. ಅದು ವ್ಯಾಪಕ ಮನ್ನಣೆ ಪಡೆಯಲಿಲ್ಲ. ಅದು ಎತ್ತಿದ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ.

ಹಾಗಾದರೆ ನಿಯಮವನ್ನು ಸಡಿಲಿಸಬೇಕೆ? ನಮಗೆ ಹಾಗೆ ತೋರುವುದಿಲ್ಲ. ಸಡಿಲಿಸಿದ ನಿಯಮವು ನೇಕಾರರ ಮಗಳಿಗೆ ತೆರೆದ ಬಾಗಿಲನ್ನು ವಂಶಾಭ್ಯುದಯ ಬರೆಯುವವನಿಗೂ ಸುಳ್ಳು ಹರಡುವವನಿಗೂ ತೆರೆಯುತ್ತದೆ. ಆ ನೂಕುನುಗ್ಗಲಿನಲ್ಲಿ ಮೊದಲು ಹೊರಬೀಳುವವಳು ಅವಳೇ. ಕೊರತೆಯಿರುವುದು ನಿಯಮದಲ್ಲಿ ಅಲ್ಲ, ಆಕರದಲ್ಲಿ. ಆಕರವನ್ನು ಒದಗಿಸಬೇಕಾದವರು ಜನಕೋಶದವರಲ್ಲ. ನಾವು, ಅಂದರೆ ಕಾಲೇಜುಗಳ ವಿಭಾಗಗಳು.

೭

ಆದುದರಿಂದ ನೆರವಿನ ಕ್ರಮವನ್ನು ಹಿಂದುಮುಂದು ಮಾಡಬೇಕೆಂಬುದು ನಮ್ಮ ಸೂಚನೆ. ಹೊಸಬನಿಗೆ ಮೊದಲ ತಿಂಗಳು ಹೊಸ ಲೇಖನದ ಗೊಡವೆ ಬೇಡ. ಈಗಾಗಲೇ ಇರುವ ಲೇಖನವೊಂದರಲ್ಲಿ ಆಕರವಿಲ್ಲದ ಒಂದು ವಾಕ್ಯವನ್ನು ಆರಿಸಿ, ಗ್ರಂಥಾಲಯದಲ್ಲಿ ಅದಕ್ಕೆ ಆಕರ ಹುಡುಕಿ ಪುಟಸಂಖ್ಯೆಯೊಡನೆ ಸೇರಿಸಲಿ. ಸಿಗದಿದ್ದರೆ ಚರ್ಚಾಪುಟದಲ್ಲಿ ಪ್ರಶ್ನಿಸಲಿ. ಎರಡನೆಯ ಹೆಜ್ಜೆಯಲ್ಲಿ ತನ್ನ ಊರಿನ ಗುಡಿ, ಬಾವಿ, ಮಗ್ಗ, ಹಳೆಯ ವಾಡೆಗಳ ಛಾಯಾಚಿತ್ರಗಳನ್ನು ತಾನೇ ತೆಗೆದು ಸೇರಿಸಲಿ. ಇಲ್ಲಿ ನಕಲಿನ ಭಯವಿಲ್ಲ, ಊರಿನವನಿಗಿರುವ ಅನುಕೂಲ ಹೊರಗಿನವನಿಗಿಲ್ಲ. ಮೂರನೆಯದಾಗಿ, ಒಂದು ವಿಷಯದ ಮೇಲೆ ಪರಸ್ಪರ ಸಂಬಂಧವಿಲ್ಲದ ಎರಡು ಮೂರು ಪ್ರಕಟಿತ ಆಕರಗಳನ್ನು ಓದಿ, ಪುಸ್ತಕ ಮುಚ್ಚಿಟ್ಟು, ತನ್ನ ಮಾತಿನಲ್ಲಿ ಟಿಪ್ಪಣಿ ಬರೆಯಲಿ. ಆಮೇಲೆ ಪ್ರಯೋಗಪುಟ, ಒಬ್ಬ ಅಧ್ಯಾಪಕನ ಪರಿಶೀಲನೆ, ಕಡೆಗೆ ಪ್ರಕಟಣೆ. ಹತ್ತು ವಾಕ್ಯಗಳ ಚುಟುಕು ಲೇಖನವಾದರೂ ಹತ್ತಕ್ಕೂ ಆಧಾರವಿದ್ದರೆ ಅದು ನಿಲ್ಲುತ್ತದೆ, ಬೆಳೆಯುತ್ತದೆ.

ವಿಭಾಗದ ಪಾಲಿನ ಕೆಲಸ ಇದಕ್ಕಿಂತ ದೊಡ್ಡದು. ಈ ಸೀಮೆಗೆ ಸಂಬಂಧಿಸಿದ ಗೆಜೆಟಿಯರು, ಶಾಸನಸಂಪುಟ, ಜನಗಣತಿ ಕೈಪಿಡಿ, ಮರಾಠಿ ಗ್ರಂಥಗಳ ಒಂದು ಪಟ್ಟಿಯನ್ನು ಮಾಡಿ ಒಂದೇ ಕಪಾಟಿನಲ್ಲಿ ಇರಿಸಬೇಕು. ಮೋಡಿ ಓದಬಲ್ಲ ಒಬ್ಬಿಬ್ಬರನ್ನಾದರೂ ತಯಾರು ಮಾಡಬೇಕು. ಮುಳುಗಡೆಯ ಹಳ್ಳಿಗಳ ಹಿರಿಯರು, ಕೈಮಗ್ಗದ ಕಾಲವನ್ನು ಕಂಡ ನೇಕಾರರು ಇರುವಾಗಲೇ ಅವರ ಹೇಳಿಕೆಗಳನ್ನು, ಹೇಳಿದವರ ಒಪ್ಪಿಗೆ ಪಡೆದು, ಸ್ಥಳ-ದಿನಾಂಕಗಳೊಡನೆ ಬರೆದುಕೊಂಡು, ಬೇರೆ ಸಾಕ್ಷ್ಯದೊಡನೆ ಹೋಲಿಸಿ, ಇಂತಹ ವಾರ್ಷಿಕ ಸಂಚಿಕೆಗಳಲ್ಲಿ ಅಚ್ಚು ಮಾಡಬೇಕು. ಹಾಗೆ ಅಚ್ಚಾದ ದಿನ ನೇಕಾರರ ಮಗಳಿಗೆ ತೋರಿಸಲು ಒಂದು ಪುಟ ದೊರೆತಂತಾಯಿತು. ಇಲ್ಲಿ ಎಚ್ಚರಿಕೆಯ ಮಾತೊಂದುಂಟು: ಲೇಖಕನೇ ತನ್ನ ಲೇಖನವನ್ನು ಜನಕೋಶದಲ್ಲಿ ಉಲ್ಲೇಖಿಸಲು ಹೊರಟರೆ ಅದು ಆತ್ಮಪ್ರಚಾರವಾಗುತ್ತದೆ. ಸಂಶೋಧನೆ ಅಧ್ಯಾಪಕನದಾಗಿರಲಿ, ಅದನ್ನು ತೂಗಿ ನೋಡಿ ಬಳಸುವುದೋ ಬಿಡುವುದೋ ಇತರರದಾಗಿರಲಿ.

ಮೈಸೂರು ವಿಶ್ವವಿದ್ಯಾಲಯವು ೨೦೧೪ರಲ್ಲಿ ತನ್ನ ಕನ್ನಡ ವಿಶ್ವಕೋಶದ ಕೆಲವು ಸಂಪುಟಗಳನ್ನು ಯಾರಾದರೂ ಬಳಸಿಕೊಳ್ಳುವಂತೆ ಮುಕ್ತ ಪರವಾನಗಿಯಡಿ ಬಿಟ್ಟುಕೊಟ್ಟಿತು. ದೊಡ್ಡ ಸಂಸ್ಥೆಯೊಂದು ದೊಡ್ಡ ಪ್ರಮಾಣದಲ್ಲಿ ಮಾಡಿದುದನ್ನು ಸಣ್ಣ ವಿಭಾಗಗಳು ಸಣ್ಣ ಪ್ರಮಾಣದಲ್ಲಿ ಮಾಡಬಲ್ಲವು. ಬೀಳಗಿಯ ನೀರಿನಡಿಯ ಊರುಗಳನ್ನು ಬಲ್ಲವರ ಸಂಖ್ಯೆ ವರ್ಷವರ್ಷಕ್ಕೆ ಕಡಿಮೆಯಾಗುತ್ತಿದೆ. ಅವರ ಮಾತನ್ನು ಈಗ ಬರೆದಿಡದಿದ್ದರೆ, ಮುಂದೆ ಎಷ್ಟೇ ನುರಿತ ಲೇಖಕರು ಬಂದರೂ ಆ ಊರುಗಳ ಪುಟದಲ್ಲಿ ಬೇಸಿಗೆ ಬಿಸಿಲು, ಮಳೆಗಾಲದ ಮಳೆಗಳ ಹೊರತು ಬರೆಯಲು ಏನೂ ಉಳಿದಿರುವುದಿಲ್ಲ.